ಮಷೀನಿಗೆ ಇರುವ ಮರ್ಯಾದೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ವಿಡಿಯೋ ಕಾಲ್ ಮಾಡಿದ್ದ. ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ. ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿ ಡಬ್ಬಿ ಹೋಟೆಲ್ ಕಿಟಕಿಯಲ್ಲಿ ಕೂತಿದೆ. "ಮಾಮಾ, ಇನ್ನ ಐದ ದಿನಕ್ಕ ರೂಮ್ ಖಾಲಿ ಮಾಡ್ಬೇಕು. ಮನಿ ಸಿಕ್ಕಿಲ್ಲ" ಅಂದ.

ಹುಡುಗ ಕೆಲಸ ಮಾಡುವುದು ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ. ಕಂಪನಿ 8 ತಿಂಗಳಿಗೆ ಅಂತ ಕಳಿಸಿದೆ, ಜೊತೆಗೊಂದು ಮಷೀನ್. ಮಷೀನಿಗೆ ಮರದ ಪೆಟ್ಟಿಗೆ, ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್, ವಿಮೆ, ಇಳಿಸಲು ಕ್ರೇನ್, ಕೂರಿಸಲು ಅಳತೆ ಮಾಡಿ ಹಾಕಿದ ಫೌಂಡೇಶನ್. ಹುಡುಗನಿಗೆ? 14 ದಿನ ಹೋಟೆಲ್, ಆಮೇಲೆ "ನೀವೇ ನೋಡ್ಕೊಳ್ಳಿ".

ಏನು ನೋಡಿಕೊಳ್ಳುವುದು! ಮನೆ ಮಾಲೀಕರು ಶೂಫಾ ಕೇಳುತ್ತಾರೆ. ಅಂದರೆ ಆ ದೇಶದಲ್ಲಿ ಸಾಲ, ಬಿಲ್ಲು ಸರಿಯಾಗಿ ಕಟ್ಟಿದವನು ಅನ್ನುವ ಕಾಗದ. ಹೋಗಿ 9 ದಿನ ಆದವನ ಹತ್ತಿರ ಎಲ್ಲಿಂದ ಬರಬೇಕು? ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕನ ಸಹಿ ಬೇಕು. ಆ ನೋಂದಣಿ ಇಲ್ಲದೆ ಎಷ್ಟೋ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ. ಖಾತೆ ಇಲ್ಲದವನಿಗೆ ಮನೆ ಕೊಡಲು ಮಾಲೀಕ ಹಿಂದೆ ಮುಂದೆ ನೋಡುತ್ತಾನೆ. ಗಾಣದ ಎತ್ತು ನೋಡಿ ಹುಡುಗ.

ಒಂದು ಮನೆ ತೋರಿಸಿದ. ಅಡುಗೆಮನೆ ಅಂದರೆ ನಾಲ್ಕು ಗೋಡೆ, ಹೊರಗೆ ಇಣುಕುವ ಎರಡು ಪೈಪು. ಸಿಂಕ್ ಇಲ್ಲ, ಒಲೆ ಇಲ್ಲ, ಬಲ್ಬ್ ಇರಬೇಕಾದಲ್ಲಿ ವೈರ್ ನೇತಾಡುತ್ತಿದೆ. ಅಲ್ಲಿ ಬಾಡಿಗೆಯವರು ಬಿಟ್ಟು ಹೋಗುವಾಗ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುವುದು ಮಾಮೂಲಂತೆ! 8 ತಿಂಗಳಿಗೆ ಇವನು ಅಡುಗೆಮನೆ ಮಾಡಿಸಬೇಕಾ? ಸಾಮಾನು ಸಮೇತ ಬೇಕೆಂದರೆ ಬಾಡಿಗೆ ಜಾಸ್ತಿ. ಡಿಪಾಸಿಟ್ ಬೇರೆ, 3 ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಇನ್ನೊಬ್ಬ ಮಹಾಶಯ "ನಾನು ಊರಲ್ಲಿಲ್ಲ, ದುಡ್ಡು ಹಾಕಿ, ಕೀಲಿ ಪೋಸ್ಟ್ ಮಾಡುತ್ತೇನೆ" ಅಂತ ಮೇಲ್ ಕಳಿಸಿದ್ದ. ಪುಣ್ಯಕ್ಕೆ ಹುಡುಗ ದುಡ್ಡು ಹಾಕುವ ಮೊದಲು ನನ್ನನ್ನು ಕೇಳಿದ.

"ಯೂರೋದಲ್ಲಿ ಭತ್ಯೆ ಕೊಡ್ತಾರಲ್ಲ, ಇನ್ನೇನ್ ಬೇಕು?" ಅಂದರು ಗೆಳೆಯರೊಬ್ಬರು. ಆಯ್ತು ರೀ, ಮಷೀನಿನ ಕೈಯಲ್ಲೂ ಭತ್ಯೆ ಕೊಟ್ಟು ಕಳಿಸಿ, ಕ್ರೇನ್ ಅದೇ ಹುಡುಕಿಕೊಳ್ಳಲಿ. ಕಂಪನಿ ತನ್ನ ಹೆಸರಿನಲ್ಲಿ ಕರಾರು ಮಾಡಿ ಒಂದು ರೂಮ್ ಹಿಡಿದು ಕೊಟ್ಟಿದ್ದರೆ ಇಷ್ಟೆಲ್ಲ ಇರುತ್ತಿತ್ತಾ? ಪೆಟ್ಟಿಗೆಗೆ ಹಾಕಿದ ಮೊಳೆ ಕೂಡ ಲೆಕ್ಕದಲ್ಲಿದೆ, ಹುಡುಗ ಇಲ್ಲ.

ಫೋನ್ ಇಡುವಾಗ ಅಂದ, "ಸ್ವಲ್ಪ ದಿನಕ್ಕ ಬಂದವರಿಗೆ ಕೊಡೂದಿಲ್ಲ ಅಂತಾರ ಮಾಮಾ." ನಾನು ಸುಮ್ಮನಾದೆ. ಹೋದ ದೀಪಾವಳಿ ಆದಮೇಲೆ ಟಿಳಕವಾಡಿಯ ನಮ್ಮ ಮೇಲಿನ ರೂಮ್ ಕೇಳಿಕೊಂಡು ಒಡಿಶಾದ ವೆಲ್ಡರ್ ಹುಡುಗನೊಬ್ಬ ಬಂದಿದ್ದ. 6 ತಿಂಗಳ ಕೆಲಸ. ಗೇಟ್ ಕೂಡ ತೆಗೆಯದೆ "ಫ್ಯಾಮಿಲಿಗೆ ಮಾತ್ರ" ಅಂದವನು ನಾನೇ. ರೂಮ್ ಇವತ್ತಿಗೂ ಖಾಲಿ, ಹಳೇ ಟಿವಿ ಇಟ್ಟಿದ್ದೇವೆ.

ಸ್ಟುಟ್‌ಗಾರ್ಟ್ ಕಡೆ ನಿಮ್ಮವರು ಯಾರಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಇವತ್ತಿಗೆ ನಾಲ್ಕೇ ದಿನ ಉಳಿದಿದೆ.