ಬಳೇಪೇಟೆಯಲ್ಲಿ ಒಂದು ಫ್ರಿಜ್ಜಿನ ಗೃಹಪ್ರವೇಶ

ನಮ್ಮ ಮನೆ ಬಳೇಪೇಟೆಯ ಒಂದು ಸಂದಿಯೊಳಗಿನ ಸಂದಿಯಲ್ಲಿದೆ. ವಿಳಾಸ ಕೇಳಿದವರಿಗೆ ಮನೆಯ ನಂಬರು ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. 'ಹಾರ್ಮೋನಿಯಂ ಅಂಗಡಿಯ ಪಕ್ಕದ ಸಂದಿಯಲ್ಲಿ ಬನ್ನಿ, ಎರಡೂ ಕಡೆಯ ಗೋಡೆ ಭುಜಕ್ಕೆ ತಾಗಿದ ಕೂಡಲೇ ಬಲಕ್ಕೆ ತಿರುಗಿ' ಎಂದರೆ ಬರಬೇಕಾದವರು ಬಂದೇ ಬರುತ್ತಾರೆ. ಮೊಬೈಲಿನ ನಕಾಶೆಯನ್ನೇ ನಂಬಿ ಬಂದ ಹುಡುಗನೊಬ್ಬ ನಮ್ಮ ಮನೆಯಿಂದ ಹತ್ತೇ ಅಡಿ ದೂರದಲ್ಲಿ, ಗೋಡೆಯ ಆಚೆಗಿನ ಬೇರೊಂದು ಸಂದಿಯಲ್ಲಿ ಅರ್ಧ ಗಂಟೆ ಅಲೆದು, ಕೊನೆಗೆ ನಾನು ತಾರಸಿಯಿಂದ ಇಳಿಬಿಟ್ಟ ಹಗ್ಗಕ್ಕೆ ದೋಸೆಯ ಪೊಟ್ಟಣ ಕಟ್ಟಿ ಕೈಮುಗಿದು ಹೋದದ್ದುಂಟು.

1537ರಲ್ಲಿ ಕೆಂಪೇಗೌಡರು ಈ ಊರು ಕಟ್ಟುವಾಗ, ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿ, ಎತ್ತುಗಳು ನಡೆದ ಜಾಡಿನಲ್ಲೇ ಬೀದಿಗಳನ್ನು ಗುರುತಿಸಿದರೆಂಬ ಕಥೆಯನ್ನು ಬೆಂಗಳೂರಿನವರೆಲ್ಲ ಕೇಳಿದ್ದೇವೆ. ದೊಡ್ಡ ಬೀದಿಗಳ ಮಟ್ಟಿಗೆ ಕಥೆಯನ್ನು ನಂಬಬಹುದು. ನಮ್ಮ ಸಂದಿಗಳನ್ನು ಮಾತ್ರ ಎತ್ತುಗಳಾದ ಮೇಲೆ ಬಂದ ಯಾವುದೋ ಬೆಕ್ಕು ಗುರುತಿಸಿರಬೇಕು.

ರಾಗಿಪೇಟೆ, ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಸರಕಿನ ಹೆಸರನ್ನೋ ಕಸುಬಿನ ಹೆಸರನ್ನೋ ಹೊತ್ತ ಇಷ್ಟು ಪೇಟೆಗಳ ನಡುವೆ ಇರುವವನಿಗೆ ಯಾವುದಕ್ಕೂ ಕೊರತೆಯಿಲ್ಲವೆಂದು ಜಯನಗರದ ನಮ್ಮ ನೆಂಟರು ಭಾವಿಸಿದ್ದಾರೆ. ಕೊರತೆಯಿಲ್ಲ ಎಂಬುದು ನಿಜ. ಆದರೆ ಇಲ್ಲಿ ಬಿಡಿಯಾಗಿ ಏನನ್ನೂ ಕೊಡುವುದಿಲ್ಲ. ಒಮ್ಮೆ ನನ್ನ ಹೆಂಡತಿ ಸೆರಗಿಗೆ ಒಂದು ಪಿನ್ನು ಬೇಕೆಂದು ಕೆಳಗೆ ಕಳಿಸಿದಳು. ಅಂಗಡಿಯವರು ನನ್ನನ್ನು ಆಪಾದಮಸ್ತಕ ನೋಡಿ, 'ಹೋಲ್‌ಸೇಲ್ ಮಾತ್ರ ಸ್ವಾಮಿ' ಎಂದರು. ಮದುವೆಯ ಮನೆಗೆ ಹೊತ್ತಾಗಿತ್ತು. 144 ಪಿನ್ನುಗಳ ಡಬ್ಬಿಯನ್ನೇ ತಂದೆ. ಅದೇ ರೀತಿ ಬಂದ ಎರಡು ಡಜನ್ ಬಾಚಣಿಗೆ, ಒಂದು ಕಟ್ಟು ಲಕೋಟೆ, ಮೂವರ ಸಂಸಾರಕ್ಕೆ ಮೂರು ಜನ್ಮಕ್ಕಾಗುವಷ್ಟು ಶೂ ದಾರ ನಮ್ಮಲ್ಲಿವೆ.

ಕೆಳಗಿನ ಹಾರ್ಮೋನಿಯಂ ಅಂಗಡಿಯ ಬಗ್ಗೆ ನಾನು ದೂರು ಹೇಳಲಾರೆ, ಏಕೆಂದರೆ ವಾದ್ಯಗಳ ಬೀದಿಗೆ ಬಂದು ನೆಲೆಸಿದವರು ನಾವು. ಕೊಳ್ಳಲು ಬಂದವರು ಸ, ರಿ, ಗ, ಮ ಎಂದು ಶುರುಮಾಡಿ ನಿಷಾದದವರೆಗೆ ಬಂದು, ಅಲ್ಲಿಗೇ ನಿಲ್ಲಿಸಿ ಬೆಲೆ ಕೇಳುತ್ತಾರೆ ಎಂಬುದೊಂದೇ ತೊಂದರೆ. ಮೇಲಿನ ಷಡ್ಜ ಬಾರದೆ ನಮ್ಮ ಮನೆಯಲ್ಲಿ ಯಾರಿಗೂ ಕೈ ಆಡುವುದಿಲ್ಲ. ಆಗ ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ 'ಸಾ' ಎಂದು ಮುಗಿಸುತ್ತಾಳೆ.

ಇಂಥ ಮನೆಗೆ ಕಳೆದ ಚೈತ್ರದಲ್ಲಿ ನಾನು ಹೊಸ ಫ್ರಿಜ್ಜು ಕೊಂಡೆ. ಹುಣ್ಣಿಮೆಯ ರಾತ್ರಿ ಕರಗ ನೋಡಲು ನೆಂಟರು ಬರುವವರಿದ್ದರು. ಹಳೆಯ ಫ್ರಿಜ್ಜು ಯುಗಾದಿಗೂ ಮೊದಲೇ ತಣ್ಣಗೆ ಮಾಡುವುದನ್ನು ನಿಲ್ಲಿಸಿ ಬರಿಯ ಗುರುಗುಟ್ಟುತ್ತಿತ್ತು. ಫ್ರಿಜ್ಜಿನ ಅಗಲ 24 ಅಂಗುಲ, ನಮ್ಮ ಸಂದಿಯ ಅತಿ ಕಿರಿದಾದ ಜಾಗ 27 ಅಂಗುಲ. ಮೂರು ಅಂಗುಲದ ಲಾಭವನ್ನು ಲೆಕ್ಕ ಹಾಕಿ ಸಂಭ್ರಮಿಸಿದ ನಾನು ರಟ್ಟಿನ ಪೆಟ್ಟಿಗೆ, ಥರ್ಮೋಕೋಲು, ಮತ್ತು ಅದನ್ನು ಹಿಡಿಯುವವರಿಗೆ ದೇವರು ಕೊಟ್ಟಿರುವ ಕೈಗಳನ್ನು ಮರೆತಿದ್ದೆ.

ಕರಗದ ದಿನ ಬೆಳಿಗ್ಗೆ ಟೆಂಪೊ ಬೀದಿಯ ತುದಿಯಲ್ಲೇ ಅದನ್ನು ಇಳಿಸಿ ಹೊರಟುಹೋಯಿತು. ಪರಿಚಯದ ಹಿರಿಯ ಹಮಾಲಿ ಇನ್ನೂ ಮೂವರನ್ನು ಕರೆತಂದು, ಪೆಟ್ಟಿಗೆ ಹರಿದುಹಾಕಿ, ಒಳಕ್ಕೆ ತಳ್ಳಿದ. ಕರೆಂಟಿನ ಮೀಟರುಗಳು ಸಾಲಾಗಿ ಹೊರಚಾಚಿರುವ ತಿರುವಿನಲ್ಲಿ ಫ್ರಿಜ್ಜು ಹಲಸಿನ ಹಣ್ಣಿನಂತೆ ಕೂತಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೊರಗಿನಿಂದ ಸೀರೆಯ ಗಂಟು ಹೊತ್ತ ಇಬ್ಬರು 'ಸೈಡು, ಸೈಡು' ಎನ್ನುತ್ತ ಬಂದರು. ಒಳಗಿನಿಂದ ಮಲ್ಲಿಗೆ ಮೊಗ್ಗಿನ ಬುಟ್ಟಿ ಹೊತ್ತ ಅಮ್ಮ ಬಂದರು. ಅವರ ಹಿಂದೆ ಟ್ಯೂಷನ್ನಿಗೆ ಹೊರಟ ಐದು ಮಕ್ಕಳು. 2017ರಿಂದ ನಮ್ಮ ಪೇಟೆಯ ಅಡಿಯಲ್ಲಿ ಮೆಟ್ರೊ ಓಡುತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಹತ್ತಿದವರು ಕೂರಲು ಜಾಗ ಹುಡುಕುವಷ್ಟರಲ್ಲಿ ಚಿಕ್ಕಪೇಟೆ ಬಂದಿರುತ್ತದೆ. ಅದರ ನೆತ್ತಿಯ ಮೇಲೆ ನಮ್ಮ ಫ್ರಿಜ್ಜು ಒಂದೂಕಾಲು ಗಂಟೆಯಲ್ಲಿ ಹದಿನಾಲ್ಕು ಅಡಿ ಸಾಗಿತ್ತು.

ಅಷ್ಟರಲ್ಲಿ ಕಿಟಕಿಗೊಂದರಂತೆ ಸಲಹೆ ಬಂತು. ಎಡಕ್ಕೆ ವಾಲಿಸಿ ಎಂದರು, ಎಣ್ಣೆ ಸವರಿ ಎಂದರು. ಹಾರ್ಮೋನಿಯಂ ಅಂಗಡಿಯಲ್ಲಿದ್ದ ಗಿರಾಕಿಯೊಬ್ಬರು ನುಡಿಸುವುದನ್ನು ನಿಷಾದಕ್ಕೆ ನಿಲ್ಲಿಸಿ ನೋಡಲು ಬಂದರು. ಎದುರುಮನೆಯ ಅಜ್ಜಿ ಮಾತ್ರ ತುಂಬ ಹೊತ್ತು ಸುಮ್ಮನಿದ್ದು, 'ನಾನು ಮದುವೆಯಾಗಿ ಬಂದಾಗ ನನ್ನ ಬೀರು ತಾರಸಿ ಮೇಲಿಂದ ಬಂತು ಕಣಪ್ಪ' ಎಂದರು. ಮೊದಲೇ ಹೇಳಬಾರದಿತ್ತೇ ಅಜ್ಜಿ ಎಂದರೆ, 'ನೀನು ಕೇಳಿದೆಯಾ?' ಎಂದರು.

ಹೀಗೆ ಫ್ರಿಜ್ಜು ಹಿಂದಕ್ಕೆ ಬಂದು, ಬೀದಿಯ ಬದಿಯಿಂದ ಹಗ್ಗದಲ್ಲಿ ನೇರವಾಗಿ ಮೇಲೇರಿ, ಕೇಬಲ್ಲಿನ ತಂತಿಗಳನ್ನು ಕೋಲಿನಿಂದ ಎತ್ತಿ ಹಿಡಿದವರ ನಡುವೆ ನುಸುಳಿ, ಮೂರು ಮನೆಗಳ ತಾರಸಿ ದಾಟಿ ನಮ್ಮ ಮಹಡಿಗೆ ಇಳಿಯಿತು. ಎರಡನೆಯ ತಾರಸಿಯಲ್ಲಿ ಹಳೆಯ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಒಣಗುತ್ತಿತ್ತು. ನಾಲ್ವರಲ್ಲಿ ಮೂವರು ಹಮಾಲಿಗಳು ಅದನ್ನು ದಾಟಿದರು. ದಾಟದೆ ಉಳಿದ ಒಂದು ಜೊತೆ ಕಾಲಿನ ಗುರುತು, ಬೆರಳುಗಳ ಸಮೇತ, ಸಾಲಾಗಿ ಎಂಟು ಸಂಡಿಗೆಯ ಮೇಲೆ ಅಚ್ಚಾಯಿತು. ಆ ಮನೆಯವರು ಜಗಳವಾಡಲಿಲ್ಲ. ಆ ಎಂಟನ್ನೂ ಒಣಗಿಸಿ, ಬೇರೆ ಪೊಟ್ಟಣ ಕಟ್ಟಿ, ವಾರದ ನಂತರ ನಮಗೇ ಕೊಟ್ಟರು.

ಹೊಸ ಫ್ರಿಜ್ಜನ್ನು ಕೆಲವು ಗಂಟೆ ಹಾಗೇ ನಿಲ್ಲಿಸಿದ ಮೇಲೆಯೇ ಕರೆಂಟು ಕೊಡಬೇಕೆಂದು ಅಂಗಡಿಯವರು ಹೇಳಿದ್ದರಿಂದ, ಅಂದು ಬಂದ ನೆಂಟರು ಮಡಕೆಯ ನೀರು ಕುಡಿದು ಫ್ರಿಜ್ಜನ್ನು ಹೊಗಳಿದರು. ನಡುರಾತ್ರಿ ಕಳೆದ ಮೇಲೆ 'ಗೋವಿಂದಾ, ಗೋವಿಂದಾ' ಎಂಬ ಕೂಗು ಕೇಳಿ ಎಲ್ಲರೂ ಬೀದಿಗೆ ಓಡಿದೆವು. ಕತ್ತಿ ಹಿಡಿದ ವೀರಕುಮಾರರ ನಡುವೆ ಮಲ್ಲಿಗೆಯ ಕರಗ, ಹೊತ್ತವರ ಕೈ ಸೋಕದೆ, ಅವೇ ತಂತಿಗಳ ಕೆಳಗೆ, ಅದೇ ಜನಜಂಗುಳಿಯ ನಡುವೆ ಹೆಜ್ಜೆ ಹಾಕುತ್ತ ಹೋಯಿತು. ಪಕ್ಕದಲ್ಲಿ ನಮ್ಮ ಹಿರಿಯ ಹಮಾಲಿ ಕೈಮುಗಿದು ನಿಂತಿದ್ದ. ಕರಗ ಮರೆಯಾದ ಮೇಲೆ ನನ್ನ ಕಡೆ ತಿರುಗಿ, 'ನೋಡಿದ್ರಾ ಸ್ವಾಮಿ, ಒಂದು ಹಗ್ಗ ಇಲ್ಲ' ಎಂದ.

ಇನ್ನು ಹಳೆಯ ಫ್ರಿಜ್ಜಿನ ವಿಷಯ. ಅದು ಒಳಬಂದ ಕಾಲದಲ್ಲಿ ಪಕ್ಕದ ಕಟ್ಟಡದ ಮೆಟ್ಟಿಲೂ ಇರಲಿಲ್ಲ, ಮೀಟರುಗಳ ಸಾಲೂ ಇರಲಿಲ್ಲ. ಗುಜರಿಯವನು ಬಂದು ಸಂದಿ ನೋಡಿದ, ತಾರಸಿ ನೋಡಿದ, ಮೂರನೆಯದಾಗಿ ನನ್ನ ಮುಖ ನೋಡಿ, ಹೊರಗೆ ತಂದುಕೊಟ್ಟರೆ ನಾನೂರು ರೂಪಾಯಿ ಎಂದು ಹೇಳಿ ಹೋದ. ತಾರಸಿ ದಾಟಿಸುವ ಕೂಲಿ ಅದರ ಐದು ಪಾಲು. ಆದ್ದರಿಂದ ಅದು ಹಜಾರದಲ್ಲೇ ಇದೆ. ಮೇಲಿನ ಅರೆಯಲ್ಲಿ ಲಕೋಟೆಗಳು, ನಡುವೆ ಬಾಚಣಿಗೆ ಮತ್ತು ಶೂ ದಾರ, ಮೊಟ್ಟೆ ಇಡುವ ಗುಳಿಗಳಲ್ಲಿ ಪಿನ್ನುಗಳು. ಮೊನ್ನೆ ಎದುರುಮನೆಯ ಅಜ್ಜಿ ಒಂದು ಪಿನ್ನು ಕೇಳಿಕೊಂಡು ಬಂದಾಗ, ನಾನು ಬಾಗಿಲು ತೆರೆದು, 'ಬಿಡಿಯಾಗಿ ಕೊಡುವುದಿಲ್ಲ ಅಜ್ಜಿ' ಎಂದೆ.