ನಿಲ್ಲದ ಮಿಷನ್ನಿಗೆ ರಿಪೇರಿ

ನಿನ್ನೆ ಬೆಳಗ್ಗೆಯಿಂದ ನನ್ನ ತಲೆ ತಿಂದದ್ದು ಲಿನಕ್ಸ್ ಕರ್ನಲ್‌ನ (ಕಂಪ್ಯೂಟರ್ ನಡೆಸುವ ತಿರುಳು ಪ್ರೋಗ್ರಾಮ್) ಲಾಕ್‌ಡೆಪ್, ಅಂದರೆ ಲಾಕ್ ಹಿಡಿಯುವ ಕ್ರಮದ ಮೇಲೆ ಕಣ್ಣಿಡುವ ಕಾವಲುಗಾರ. 'ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್' ಅಂತೆ. ಕೆಳಗೆ ಆಚೀಚೆ ಮೂರು ಮೂರು ನಕ್ಷತ್ರ ಇಟ್ಟು 'ಡೆಡ್‌ಲಾಕ್' ಅಂತ ಬೇರೆ. ಮಿಷನ್ ಮಾತ್ರ ಆರಾಮವಾಗಿ ಓಡುತ್ತಿತ್ತು.

ವಿಷಯ ಇಷ್ಟೇ. ಒಂದನ್ನು ಒಂದು ಸಲಕ್ಕೆ ಒಂದೇ ಕಡೆಯ ಕೋಡ್ ಮುಟ್ಟಲಿ ಅಂತ ಹಾಕುವ ಬೀಗವೇ ಲಾಕ್. ಡಿವೈಸನ್ನು ನಡೆಸುವ ನಮ್ಮ ಡ್ರೈವರಿನಲ್ಲಿ ಒಂದು ಕಡೆಯ ಕೋಡ್ ಡಿವೈಸಿನ ಲಾಕ್ ಹಿಡಿದು ಡಿವೈಸುಗಳ ಲಿಸ್ಟಿನ ಲಾಕ್ ಕೇಳುತ್ತದೆ, ಇನ್ನೊಂದು ಕಡೆಯದ್ದು ಲಿಸ್ಟ್ ಹಿಡಿದು ಡಿವೈಸ್ ಕೇಳುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಎದುರಾದರೆ ಇದು ಅದಕ್ಕೆ, ಅದು ಇದಕ್ಕೆ ಕಾಯುತ್ತಾ ಕೂತರೆ ಮುಗಿಯಿತು, ಅದೇ ಡೆಡ್‌ಲಾಕ್. ಆದರೆ 2006ರಲ್ಲಿ ಕರ್ನಲ್ ಸೇರಿದ ಈ ಲಾಕ್‌ಡೆಪ್ ಎದುರಾಗುವ ತನಕ ಕಾಯುವುದೇ ಇಲ್ಲ. ಯಾರು ಯಾವುದರ ನಂತರ ಯಾವುದನ್ನು ಹಿಡಿದರು ಅಂತ ಲೆಕ್ಕ ಇಟ್ಟುಕೊಂಡು, ಗಂಟೆಗಳ ಅಂತರದಲ್ಲಿ ಹಿಡಿದಿದ್ದರೂ ಸರಿ, ಕ್ರಮ ತಿರುಗುಮುರುಗಾದ ಕೂಡಲೇ ಬೊಬ್ಬೆ ಹಾಕುತ್ತದೆ.

ಕಾಸರಗೋಡಿನ ಬದಿಯಡ್ಕದ ಹತ್ತಿರದ ಮನೆಯಲ್ಲಿ ಕೂತು ಈ ಕೆಲಸ ಮಾಡುವಾಗ ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಇರುತ್ತಾರೆ.

"ಎಂತ ಮಾರಾಯ, ಕಂಪ್ಯೂಟರ್ ನಿಂತಿತಾ?"

"ಇಲ್ಲ ಅಪ್ಪ."

"ಮತ್ತೆ ಎಂತ ರಿಪೇರಿ?"

"ಮುಂದೆ ನಿಲ್ಲಬಹುದು ಅಂತ."

"ಯಾವಾಗ?"

"ಗೊತ್ತಿಲ್ಲ. ನಿಲ್ಲದೆಯೂ ಇರಬಹುದು."

ಮಧ್ಯಾಹ್ನ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ, "ಈಗ ನಿಂತಿತಾ?" ನಾನು ಫೋನಿನಲ್ಲಿ ಆಫೀಸಿನವರ ಜೊತೆ ಮಾತಾಡುತ್ತಿದ್ದರೆ ಬಾಗಿಲಲ್ಲಿ ತಲೆ ಹಾಕಿ, ಬಾಯಿ ಬಿಡದೆ, ಕೈ ತಿರುಗಿಸಿ ಅದೇ ಪ್ರಶ್ನೆ. ಸಂಜೆ ಚಹಾಕ್ಕೆ ಬಂದ ನೆರೆಮನೆಯವರಿಗಂತೂ, "ಇವನ ಕೆಲಸ ಹಾಳಾಗದ್ದನ್ನು ರಿಪೇರಿ ಮಾಡುವುದು, ಅದಕ್ಕೆ ಸಂಬಳವೂ ಉಂಟು" ಅಂದುಬಿಟ್ಟರು. ನೆರೆಮನೆಯವರು ತಮ್ಮ ಮಗನಿಗೂ ಅಲ್ಲಿ ಜಾಗ ಉಂಟಾ ಅಂತ ಕೇಳಿದರು. ನನಗೆ ಉರಿದುಹೋಯಿತು.

ರಾತ್ರಿ ಕೂರಿಸಿ ಹೇಳಿದೆ. ಇಬ್ಬರೂ ತಮ್ಮ ಕೈಯಲ್ಲಿದ್ದದ್ದು ಬಿಡುವುದಿಲ್ಲ, ಇನ್ನೊಬ್ಬ ಬಿಡಲಿ ಅಂತ ಕಾಯುವುದು, ಹೊರಗಿನಿಂದ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

"ಓ, ಮಹಾಜನ ವರದಿಯ ಹಾಗೆ" ಅಂದರು ಅಪ್ಪ.

ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ, ಕೇರಳದಲ್ಲಿ ಉಳಿದ ನಮ್ಮ ಊರುಗಳು ಕರ್ನಾಟಕಕ್ಕೆ ಸೇರಬೇಕು ಅಂತ ಆ ವರದಿ ಹೇಳಿದ್ದು 1967ರಲ್ಲಿ, ಜಾರಿ ಮಾತ್ರ ಇನ್ನೂ ಆಗಿಲ್ಲ. ಅಜ್ಜ ಪೇಪರಿನಲ್ಲಿ ಅದರ ಸುದ್ದಿ ಹುಡುಕುತ್ತಲೇ ಹೋದರು. ಅಪ್ಪ ಈಗ ಪೇಪರಿನಲ್ಲಿ ಅಡಿಕೆ ರೇಟು ಮಾತ್ರ ನೋಡುತ್ತಾರೆ.

ಲಿಸ್ಟಿನ ಲಾಕ್ ಹಿಡಿದಿರುವಾಗ ಬೇಕಾದ ಡಿವೈಸನ್ನು ಗುರುತು ಮಾಡಿಕೊಂಡು, ಮಧ್ಯದಲ್ಲಿ ಅದು ಮಾಯವಾಗದಂತೆ ರೆಫರೆನ್ಸ್ ಹಿಡಿದು, ಲಿಸ್ಟ್ ಬಿಟ್ಟ ಮೇಲೆಯೇ ಡಿವೈಸಿನ ಲಾಕ್ ಕೇಳುವ ಹಾಗೆ ಬದಲಾಯಿಸಿದೆ. ನಾಲ್ಕಾರು ಸಾಲಿನ ತಿದ್ದುಪಡಿ (ಪ್ಯಾಚ್), ಯಾಕೆ ಅನ್ನುವ ವಿವರಣೆ ಒಂದು ಪುಟ.

ಈ ಲಾಕ್‌ಡೆಪ್‌ಗೆ ಇನ್ನೊಂದು ಚಾಳಿ ಉಂಟು. ಒಂದು ಸಲ ಬೊಬ್ಬೆ ಹಾಕಿದರೆ ರೀಬೂಟ್ ಆಗುವ ತನಕ ಆಮೇಲೆ ಬಾಯಿ ಬಿಡುವುದಿಲ್ಲ, ಹಿಂದೆ ಇನ್ನೆಷ್ಟು ಉಂಟೋ ದೇವರಿಗೇ ಗೊತ್ತು. ಹೊಸ ಕರ್ನಲ್ ಬೂಟ್ ಮಾಡಿದೆ. ಹಳೆಯ ದೂರು ಇಲ್ಲ. ಬೇರೆ ಎರಡು ಲಾಕ್‌ಗಳದ್ದು ಬಂತು, ಅದೂ ನಾನು ಬರೆಯದ ಫೈಲಿನಿಂದ.

ಅಪ್ಪನಿಗೆ ಇನ್ನೂ ಹೇಳಿಲ್ಲ.