ಸೋಮಾರಿಗಳು ಅನ್ನುವ ಮುಂಚೆ

ಇವತ್ತು ಟಿವಿ ಚರ್ಚೆಯಲ್ಲಿ ಒಬ್ಬರ ಮಾತು ಕೇಳಿ ಮೈ ಉರಿಯಿತು. ಸೋವಿಯತ್ ಕಾರ್ಖಾನೆಗಳು ಯಾಕೆ ಹಾಳಾದವು? ದುಡಿದರೂ ಅದೇ ಸಂಬಳ, ದುಡಿಯದಿದ್ದರೂ ಅದೇ ಸಂಬಳ, ಜನ ಸೋಮಾರಿಗಳಾದರು. ಅಷ್ಟೇ, ಮುಗೀತು! ಎದುರಿಗೆ ಕೂತವರೂ ಹೂಂಗುಟ್ಟಿದರು.

ನಾನು ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲೇ ತಲೆ ನರೆಸಿಕೊಂಡವನು, ನಿಮಗೆ ಗೊತ್ತಲ್ವಾ. ತಿಂಗಳ ಕೊನೇ ವಾರ ಶಾಪ್ ಫ್ಲೋರ್ ಹೇಗಿರುತ್ತೆ ಅಂತ ಕಣ್ಣಾರೆ ಕಂಡಿದ್ದೇನೆ. ದುಡಿಯುವವರನ್ನು ಹೀಗೆ ಸುಮ್ನೆ ಬೈದರೆ ನನಗೆ ತಡೆಯೋದಿಲ್ಲ.

ಸೋವಿಯತ್ ದೇಶದಲ್ಲಿ ತಿಂಗಳ ಮೊದಲ ಹತ್ತು ದಿನ ಎಷ್ಟೋ ಕಾರ್ಖಾನೆಗಳಲ್ಲಿ ಕೆಲಸ ಕುಂಟುತ್ತಿತ್ತು. ಯಾಕೆ? ಕಚ್ಚಾ ಮಾಲು ಬಂದಿರುತ್ತಿರಲಿಲ್ಲ. ಮಾಸ್ಕೋದ ಯೋಜನಾ ಸಮಿತಿ ಗೋಸ್‌ಪ್ಲಾನ್‌ನ ಕಾಗದದಲ್ಲಿ ಉಕ್ಕು ಇರುತ್ತಿತ್ತು, ಕಾರ್ಖಾನೆಯ ಗೋದಾಮಿನಲ್ಲಿ ಇರುತ್ತಿರಲಿಲ್ಲ. ಅದನ್ನು ಹೇಗಾದರೂ ತರಿಸೋಕೆ ಅಂತಲೇ ‘ತೊಲ್ಕಾಚ್’ ಎಂಬ ಓಡಾಟದ ಜನರನ್ನು ಮ್ಯಾನೇಜರುಗಳು ಇಟ್ಟುಕೊಂಡಿದ್ದರು. ಮಾಲು ಬಂದ ಮೇಲೆ, ಕೊನೆಯ ಹತ್ತು ದಿನ ರಾತ್ರಿ ಹಗಲು, ರಜಾ ದಿನವೂ ದುಡಿತ. ಆಗ ತಯಾರಾದ ಮಾಲಿನಲ್ಲೇ ದೋಷ ಜಾಸ್ತಿ. ಇದು ಸೋಮಾರಿತನವೇ?

ಯೋಜನೆಯಲ್ಲಿ ಕೊಟ್ಟ ಗುರಿ ಮುಟ್ಟಿದರೆ ಬೋನಸ್. ಒಂದು ಪರ್ಸೆಂಟ್ ಕಡಿಮೆಯಾದರೂ ಅದು ಕೈ ತಪ್ಪುತ್ತಿತ್ತು. ಗುರಿ ಮೀರಿದರೆ? ಮುಂದಿನ ವರ್ಷದ ಗುರಿ ಅಲ್ಲಿಂದಲೇ ಶುರು. ಯಾವ ಮ್ಯಾನೇಜರ್ ತಾನೇ ತನ್ನ ಪೂರ್ತಿ ಶಕ್ತಿ ತೋರಿಸುತ್ತಾನೆ? ಲೆಕ್ಕ ಟನ್ನಿನಲ್ಲಿ ಕೇಳಿದರೆ ಭಾರದ ಮಾಲೇ ಬರುತ್ತೆ. ದೀಪದ ಗೊಂಚಲುಗಳನ್ನು ತೂಕದ ಲೆಕ್ಕದಲ್ಲಿ ಮಾಡುತ್ತಿದ್ದಾರೆ, ಹಾಗಾಗಿ ಚೆಂದದ್ದಲ್ಲ, ಆದಷ್ಟೂ ಭಾರದ್ದು ಬರುತ್ತಿದೆ ಅಂತ 1959ರಲ್ಲಿ ದೂರಿದ್ದು ಸ್ವತಃ ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್.

ಅದೇ 1959ರಲ್ಲಿ ರ‍್ಯಾಜಾನ್ ಪ್ರಾಂತ್ಯದ ಪಕ್ಷದ ಮುಖ್ಯಸ್ಥ ಲಾರಿಯೊನೊವ್, ಒಂದೇ ವರ್ಷದಲ್ಲಿ ಮೂರು ಪಟ್ಟು ಮಾಂಸ ಕೊಡುತ್ತೇನೆ ಅಂತ ಮಾತು ಕೊಟ್ಟ. ಹಾಲು ಕರೆಯುವ ಹಸುಗಳನ್ನೂ ಬಿಡದೆ ಕಡಿಸಿದರು. ಜನರ ಮನೆಯ ದನಗಳನ್ನು ಕಿತ್ತುಕೊಂಡರು. ಅದೂ ಸಾಲದೆ ಅಕ್ಕಪಕ್ಕದ ಪ್ರಾಂತ್ಯಗಳಿಂದ ಕೊಂಡು ತಂದರು. ವರ್ಷದ ಕೊನೆಗೆ ಗುರಿ ಮುಟ್ಟಿತು, ಅವನಿಗೆ ‘ಸಮಾಜವಾದಿ ದುಡಿಮೆಯ ವೀರ’ ಬಿರುದೂ ಸಿಕ್ಕಿತು. ಮರುವರ್ಷ ಕೊಡೋಕೆ ದನಗಳೇ ಇರಲಿಲ್ಲ. ಇಷ್ಟೆಲ್ಲ ಓಡಾಡಿದವರಲ್ಲಿ ಸೋಮಾರಿ ಯಾರು, ಹೇಳಿ?

1983ರಲ್ಲಿ, ಅಂದ್ರೊಪೊವ್ ದೇಶದ ನಾಯಕರಾಗಿದ್ದ ಕಾಲದಲ್ಲಿ, ಕೆಲಸದ ಹೊತ್ತಿನಲ್ಲಿ ಅಂಗಡಿ, ಸಿನಿಮಾ ಅಂತ ಇದ್ದವರನ್ನು ಪೊಲೀಸರು ಹಿಡಿದರಲ್ಲ ಅಂತ ಯಾರಾದರೂ ಕೇಳಬಹುದು. ಹಿಡಿದರು, ನಿಜ. ಆದರೆ ಬೇಕಾದ ಸಾಮಾನು ಬಂದ ದಿನವೇ ಕ್ಯೂ ನಿಲ್ಲದಿದ್ದರೆ ನಾಳೆ ಅದು ಸಿಗುತ್ತಿರಲಿಲ್ಲ. ಯಾರಿಗೂ ಬೇಡದ ಮಾಲು ಕಾರ್ಖಾನೆಯಿಂದ ಟನ್ನುಗಟ್ಟಲೆ ಬರುತ್ತಿದ್ದರೆ ಬೇಕಾದದ್ದಕ್ಕೆ ಕ್ಯೂ ಇರದೆ ಇನ್ನೇನು?

ಲಿಬರ್ಮನ್ ಎಂಬ ಖಾರ್ಕಿವ್‌ನ ಅರ್ಥಶಾಸ್ತ್ರಜ್ಞ 1962ರಲ್ಲೇ ‘ಪ್ರಾವ್ದಾ’ ಪತ್ರಿಕೆಯಲ್ಲಿ, ಕಾರ್ಖಾನೆಯನ್ನು ಲಾಭದಿಂದ ಅಳೆಯಿರಿ ಅಂತ ಬರೆದಿದ್ದರು. ಅವರು ಬೆರಳು ತೋರಿಸಿದ್ದು ಅಳತೆಗೋಲಿನ ಕಡೆಗೆ. 1965ರಲ್ಲಿ ಪ್ರಧಾನಿ ಕೊಸಿಗಿನ್ ಅದರಲ್ಲಿ ಒಂದಿಷ್ಟನ್ನು ಜಾರಿಗೆ ತಂದರು. ಆದರೆ ಬೆಲೆ ಗೊತ್ತು ಮಾಡುವುದು, ಮಾಲು ಹಂಚುವುದು ಮೇಲಿನವರ ಕೈಯಲ್ಲೇ ಉಳಿಯಿತು. ಚರ್ಚೆ ಆಗಬೇಕಾದ್ದು ಇದರ ಬಗ್ಗೆ ಅಲ್ವಾ? ರಾತ್ರಿಯಿಡೀ ಲೇತ್ ಮುಂದೆ ನಿಂತವನನ್ನು ಯಾಕೆ ಬೈಯುತ್ತೀರಿ?